ಮೇಷ್ಟ್ರ ಹಗುರ ಚೀಲ

ಬಸವನಗುಡಿಯಲ್ಲಿ ನಮ್ಮ ಪಕ್ಕದ ಮನೆಯ ಸಂಸ್ಕೃತ ಮೇಷ್ಟ್ರು ವರ್ಷಕ್ಕೊಮ್ಮೆ ತಿರುಪತಿಗೆ ನಡೆದೇ ಹೋಗುತ್ತಿದ್ದರು. ಹೆಗಲಲ್ಲಿ ಒಂದೇ ಪುಟ್ಟ ಚೀಲ; ಅದರಲ್ಲಿ ಜಪಮಾಲೆ, ನಶ್ಯದ ಡಬ್ಬಿ. ಜೊತೆಗೆ ಹೊರಟ ನಮ್ಮ ಗಂಟುಗಳನ್ನು ಬೆರಳಿಂದ ತಿವಿದು, "ಯಾತ್ರೆಗೆ ಇಷ್ಟೆಲ್ಲ ಯಾಕ್ರಯ್ಯಾ?" ಅನ್ನುತ್ತಿದ್ದರು.

ಎಂಥ ವೈರಾಗ್ಯ! ಅವರ ಮಡಿಪಂಚೆ, ದೇವರ ಪೆಟ್ಟಿಗೆ, ತಾಮ್ರದ ಚೊಂಬು, ಅಡುಗೆ ಪಾತ್ರೆ, ಅಕ್ಕಿಬೇಳೆ ಎಲ್ಲ ಹಿಂದೆ ಬರುತ್ತಿದ್ದ ಹೆಂಡತಿಯ ತಲೆಮೇಲಿರುತ್ತಿತ್ತು. ಬೇರೆಯವರು ಮುಟ್ಟಿದರೆ ಮೈಲಿಗೆಯಲ್ಲವೇ?

ಒಂದು ವರ್ಷ ಮುಳಬಾಗಿಲಿನ ಛತ್ರದಲ್ಲಿ ಆಕೆಯ ಕಾಲು ಊದಿಕೊಂಡಿತು.

"ನೀನಿಲ್ಲೇ ಇರು, ನಾನು ಹೋಗ್ಬರ್ತೀನಿ" ಎಂದರು ಮೇಷ್ಟ್ರು.

"ಹೋಗ್ಬನ್ನಿ. ಗಂಟು ಇಲ್ಲೇ ಇರ್ಲಿ, ಯಾತ್ರೆಗೆ ಇಷ್ಟೆಲ್ಲ ಯಾಕೆ?" ಎಂದರು ಆಕೆ.

ಮೇಷ್ಟ್ರು ಗಂಟನ್ನು ತಲೆಗೇರಿಸಿಕೊಂಡು ಛತ್ರದ ಬಾಗಿಲತನಕ ನಡೆದರು. ಅಲ್ಲಿ ಅದನ್ನಿಳಿಸಿ, ಬೆಂಗಳೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.