ಉಸ್ತಾದರು ಒಪ್ಪಿಕೊಂಡ ತಪ್ಪು

ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ತವರದ ಹೊಳೆಯುವ ಗೆರೆಯೊಂದಿತ್ತು, ಎಂದೋ ಕಾದ ಬೆಸುಗೆ ಬಿದ್ದು ಅಲ್ಲೇ ಉಳಿದಂತೆ. ಬಲಗೈಯೋ ಎಡಗೈಯೋ ಎಂದು ಬರೆಯುವಾಗ ಅನುಮಾನ ಬರುತ್ತಿದೆ. ಗೆರೆಯ ಬಗ್ಗೆ ಅನುಮಾನವಿಲ್ಲ.

ಗದಗಿನ ಮುಂಡರಗಿ ರಸ್ತೆಯಲ್ಲಿ ಅವರದು ರೇಡಿಯೇಟರ್ ದುರಸ್ತಿಯ ಅಂಗಡಿ; ಮಗನೂ ಜೊತೆಗೆ ಕೆಲಸ ಮಾಡುತ್ತಿದ್ದ. ಲಾರಿಯವರು, ಟ್ರ್ಯಾಕ್ಟರಿನವರು ಎಲ್ಲರಿಗೂ ಅವರು ಉಸ್ತಾದ್, ನನಗೂ. ಬಂದ ರೇಡಿಯೇಟರಿನ ನೀರಿಗೆ ಬೆರಳು ಅದ್ದಿ, ನಾಲಿಗೆಗೆ ಹಚ್ಚಿ, ಉಗುಳಿ, "ಅಸುಂಡಿ ಊರಿನ ಬೋರಿಂದಲ್ರಿ ಇದು? ಇಷ್ಟ ಸವಳು ಕುಡಿಸಿದ್ರ ಎತ್ತಾದ್ರೂ ಒದೀತಿತ್ತು. ಪಾಪ, ಟ್ರ್ಯಾಕ್ಟರ ಏನ್ ಮಾಡಬೇಕು!" ಎನ್ನುತ್ತಿದ್ದರು.

ಆಗ ಗದಗ ಜಿಲ್ಲೆಯಾಗಿ ಕೆಲವೇ ವರ್ಷ; ಎಲ್ಲೆಲ್ಲೂ ಹೊಸ ಕಟ್ಟಡ. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆಂದೇ ತಂದ ಭಾರೀ ಯಂತ್ರ ದಿನವಿಡೀ ಬಿಸಿಯಾಗುತ್ತಿತ್ತು, ಅದರ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಕೂಗುತ್ತಿದ್ದವು. ಅದೇ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹೆಂಡತಿ, "ಅದರ ಬಾಯಿ ಮುಚ್ಚಸ್ರಿ, ಇಲ್ಲಾ ನನ್ನ ಬಾಯಿ ಮುಚ್ಚಸ್ರಿ" ಎಂದಳು. ನೀರು ಹರಿಸಿ ಸದ್ದಿಲ್ಲದೆ ತಂಪು ಮಾಡುವ ವಿಧಾನವನ್ನು ಎಲ್ಲೋ ಓದಿದ್ದೆ. ಉಸ್ತಾದರ ಬಳಿ ಹೋದೆ.

"ಕಂಪ್ಯೂಟರಕ್ಕೂ ಜ್ವರಾ ಬರ್ತಾವೇನ್ರಿ ಸರ?" ಎಂದು ನಕ್ಕರು. ಆದರೂ ಹಳೆಯ ಕಾರೊಂದರ ಸಣ್ಣ ರೇಡಿಯೇಟರು, ಮೀನಿನ ತೊಟ್ಟಿಯ ಪಂಪು, ಪ್ರೊಸೆಸರಿನ ಮೇಲೆ ಕೂರುವ, ಒಳಗೆ ಸಣ್ಣ ಸಣ್ಣ ಕಾಲುವೆಗಳಿದ್ದ ತಾಮ್ರದ ಬಿಲ್ಲೆ, ಎಲ್ಲವನ್ನೂ ಕೂಡಿಸಿ ಬೆಸೆದರು. ನಾನು ಅವಸರ ಮಾಡಿದರೆ, "ತವರಾ ತಾನ ಹರೀಬೇಕ್ರಿ, ನಾವು ದೂಡಬಾರದು." ಅವರೇ ಮನೆಗೆ ಬಂದು ಜೋಡಿಸಿ ಚಾಲೂ ಮಾಡಿದಾಗ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಬ್ಯಾಟರಿಗೆ ಹಾಕೋ ನೀರ ಬಿಟ್ರ ಬ್ಯಾರೆ ಒಂದ ಹನಿನೂ ಹಾಕಬ್ಯಾಡ್ರಿ" ಎಂದರು.

ಹಾಕಿದೆ. ಬ್ಯಾಟರಿ ನೀರಿನ ಬಾಟಲಿ ಮುಗಿದಿತ್ತು, ತರಲು ಬೇಸರ, ಬೋರಿನ ನೀರಿನ ಕೊಡ ಪಕ್ಕದಲ್ಲೇ ಇತ್ತು. ನೀರು ಇಳಿದಾಗ ಒಮ್ಮೆ ಒಂದು ಲೋಟ, ಮತ್ತೊಮ್ಮೆ ಇನ್ನೊಂದು. ಎರಡು ತಿಂಗಳಲ್ಲಿ ಯಂತ್ರ ಕಾದು ನಿಂತುಬಿಟ್ಟಿತು.

ಅದನ್ನು ಅಂಗಡಿಗೆ ಒಯ್ದಾಗ ನನಗೆ ಕೆಲಸ ಕೊಡುತ್ತಿದ್ದ ಇಂಜಿನಿಯರೂ ಜೊತೆಗಿದ್ದರು. ತಮ್ಮ ಕಚೇರಿಯ ಆರು ಯಂತ್ರಗಳಿಗೆ ಉಸ್ತಾದರಿಂದಲೇ ಹೀಗೆ ಮಾಡಿಸಬೇಕೆಂದಿದ್ದರು. ಯಾವ ನೀರು ಹಾಕಬೇಕು, ಯಾಕೆ ಎಂದು ಇಂಜಿನಿಯರಿಗೆ ನಾನೇ ಉಪನ್ಯಾಸ ಕೊಟ್ಟಿದ್ದೆ. ಈಗ ಯಾಕೆ ಕೆಟ್ಟಿತು ಎಂದು ಕೇಳಿದರು. "ಬೆಸುಗೆಯ ಚೂರು ಒಳಗ ಸಿಕ್ಕಿರಬೇಕ್ರಿ" ಎಂದೆ, ಉಸ್ತಾದರ ಎದುರಿಗೇ.

ಉಸ್ತಾದರು ಬಿಲ್ಲೆ ಬಿಚ್ಚಿದರು. ಕಾಲುವೆಗಳ ತುಂಬ ಬಿಳಿಯ ಉಪ್ಪು ಕಟ್ಟಿತ್ತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟರು. ನನ್ನನ್ನು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ, ಇಂಥ ಹೊತ್ತನ್ನು ನೆನಪು ಹಿಗ್ಗಿಸುತ್ತದೆ. ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಇಂಜಿನಿಯರಿಗೆ, "ಹೌದ್ರಿ, ಬೆಸಗಿ ಚೂರ ಕುಂತೈತಿ. ವಯಸ್ಸಾತು, ಕೈ ತಪ್ಪಾಕ ಹತ್ತೇತಿ" ಎಂದರು.

"ಹಂಗಾರ ನಮ್ಮವು ಬ್ಯಾಡ ಬಿಡ್ರಿ ಉಸ್ತಾದ್" ಎಂದರು ಇಂಜಿನಿಯರು.

ಕೆಲಸ ಕೊಡುವವರ ಎದುರು ನನ್ನ ಮಾನ ಉಳಿಸಿದರೋ, ನನ್ನನ್ನು ಕಂಡು ಹೇಸಿದರೋ ತಿಳಿಯದು. ಆ ದಿನದ ಡೈರಿಯಲ್ಲಿ, "ಬೆಸುಗೆಯ ಚೂರು ಸಿಕ್ಕಿ ಯಂತ್ರ ನಿಂತಿತ್ತು, ಸರಿಯಾಯಿತು" ಎಂದಿದೆ. ನಾನೊಬ್ಬನೇ ಓದುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವರು ಅಂಗಡಿಯ ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಒಳಗೆ ಮಗ ಬೆಸೆಯುತ್ತಿದ್ದ. "ಜ್ವರಾ ಇಳೀತೇನ್ರಿ?" ಎಂದು ಕೇಳುತ್ತಿದ್ದರು. ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ವಿಶ್ರಾಂತಿಯಲ್ಲಿದ್ದಾರೆಂದುಕೊಂಡಿದ್ದೆ.

ಅವರು ತೀರಿಕೊಂಡ ಮೇಲೆ ಅಂಗಡಿಗೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಮಗ ಹೇಳಿದ: "ನಿಮ್ಮ ಕಂಪ್ಯೂಟರ ನಿಂತ ಮ್ಯಾಲೆ ನಾವ ಅಬ್ಬಾನ ಕೈಗೆ ಬೆಸಗಿ ದೀಪ ಕೊಡ್ಲಿಲ್ರಿ. ಕೈ ತಪ್ಪಾಕತ್ತೇತಿ ಅಂತ ಅವರ ಬಾಯಿಂದನ ಬಂತಲ್ರಿ. ಜಗಳಾಡಲಿಲ್ಲ, ಸುಮ್ಮ ಹೋಗಿ ಹೊರಗ ಕುಂತ್ರು."

"ಅವರ ಕೈ ತಪ್ಪಿರಲಿಲ್ಲಪಾ" ಎಂದೆ. "ಬೋರಿನ ನೀರು ನಾನ ಹಾಕಿದ್ದೆ."

ಅವನು ಉರಿಯುತ್ತಿದ್ದ ದೀಪವನ್ನು ಆರಿಸಿದ.

"ಅಂದ್ರ ನಾವು ಅವರನ್ನ ಸುಮ್ಮಸುಮ್ಮನ ಕುಂಡ್ರಿಸಿದ್ವೇನ್ರಿ?"

ಹೌದು ಎಂದೆ.