ಸೋಮವಾರದ ಹಾಲಿನಲ್ಲಿ ಅರವತ್ತು ಸಾವಿರ

ಮೊಣಕಾಲು ನೋವೆಂದು ಅಕ್ಕ ಉಪ್ಪಿನಬೆಟಗೇರಿಯಿಂದ ಧಾರವಾಡದ ನಮ್ಮ ಮನೆಗೆ ಬಂದು ಉಳಿದಿದ್ದಳು. ಡಾಕ್ಟರು ಡಿ ವಿಟಮಿನ್ನಿನ ಪುಡಿ ಬರೆದುಕೊಟ್ಟರು. ಅರವತ್ತು ಸಾವಿರ ಯುನಿಟ್ಟಿನದು, ವಾರಕ್ಕೊಂದು ಪಾಕೀಟು, ಹಾಲಿನಲ್ಲಿ. ಅಕ್ಕನದು ಸೋಮವಾರ ಒಪ್ಪತ್ತು. ಲಿಂಗಪೂಜೆ ಮುಗಿಸಿ ಕುಡಿಯುವ ಹಾಲಿಗೇ ಪುಡಿ ಬೆರೆಸಿಕೊಂಡಳು. ಪಾಕೀಟುಗಳು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕಕ್ಕೆ ಸೇರಿದವು.

ಕೆಲವು ವಾರಗಳಾದ ಮೇಲೆ ಡಾಕ್ಟರು ಪುಡಿ ಬಿಡಿಸಿ ದಿನಕ್ಕೊಂದು ಗುಳಿಗೆ ಕೊಟ್ಟರು. ಅದರ ಮೇಲೆ ಬರೆದದ್ದನ್ನು ಅಕ್ಕ ನನ್ನಿಂದ ಓದಿಸಿಕೊಂಡಳು.

“ಅರವತ್ತು ಸಾವಿರ ಇದ್ದದ್ದು ಇಪ್ಪತ್ತೈದಕ್ಕ ಇಳೀತೇನು? ಅಂಗಡಿಯಾಂವ ನಿನಗ ಟೊಪ್ಪಿಗಿ ಹಾಕ್ಯಾನ ನೋಡೋ ತಮ್ಮಾ.”

“ಅದು ಯುನಿಟ್ಟಿನ ಲೆಕ್ಕ, ಇದು ಮೈಕ್ರೋಗ್ರಾಮಿಂದು. ನಲವತ್ತರಿಂದ ಗುಣಿಸಬೇಕು. ಸಾವಿರ ಯುನಿಟ್ ಆತು.”

“ಸಾವಿರನ ಆತಲ್ಲ. ಉಳಿದದ್ದು ಎಲ್ಲಿ ಹೋತು?”

ಇದಕ್ಕೆ ನಾನೊಂದು ಉತ್ತರ ಕೊಟ್ಟೆ, ಏನೆಂದು ಈಗ ಖಚಿತವಿಲ್ಲ. “ಪುಡಿ ಇನ್ನ ಬ್ಯಾಡ” ಅಂದೆನೋ, “ಕಡಿಮಿ ಬಿದ್ರ ಪುಡಿ ಐತಲ್ಲ” ಅಂದೆನೋ. ಎರಡೂ ನನ್ನದೇ ದನಿಯಲ್ಲಿ ಕೇಳಿಸುತ್ತವೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಒಂದೊಂದು ವಿಟಮಿನ್ನಿಗೆ ಒಂದೊಂದು ಲೆಕ್ಕವಿರುವುದರಿಂದ ನಲವತ್ತು ಡಿ ವಿಟಮಿನ್ನಿನದೇ ಹೌದೋ ಎಂದು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದ್ದೆ. ನಲವತ್ತು ಸರಿಯಿತ್ತು. ನನ್ನ ಮಾತನ್ನು ಎಲ್ಲಿ ನೋಡಲಿ?

ತಿಂಗಳುಗಳು ಕಳೆದು ದೀಪಾವಳಿ ಹೊತ್ತಿಗೆ ಅಕ್ಕನಿಗೆ ಊಟ ಸೇರದಾಯಿತು. ವಾಕರಿಕೆ, ತೀರದ ಬಾಯಾರಿಕೆ. ಒಂದು ಸೋಮವಾರ ಜಗಲಿಯ ಮುಂದೆ ಅವಳು ಪಾಕೀಟು ಹರಿಯುವುದನ್ನು ಕಂಡೆ.

“ಇದು ಇನ್ನೂ ನಡದೈತೇನು?”

“ಖಾಲಿ ಪಾಕೀಟ ತೋರಿಸಿದ್ರ ಅಂಗಡ್ಯಾಗ ಕೊಡತಾರ. ಒಪ್ಪತ್ತಿನ ಹಾಲಿಗೆ ಹಾಕ್ಕೋತ ಬಂದದ್ದು, ನಡುವ ಹೆಂಗ ಬಿಡಲಿ?”

ಒಂದು ಪಾಕೀಟೆಂದರೆ ಸಾವಿರ ಯುನಿಟ್ಟಿನ ಅರವತ್ತು ಗುಳಿಗೆಗೆ ಸಮ. ಅದರ ಮೇಲೆ ದಿನದ ಗುಳಿಗೆಯೂ ನಡೆದಿತ್ತು. ಅಂದೇ ದವಾಖಾನೆಗೆ ಹೋದೆವು. ಡಿ ವಿಟಮಿನ್ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಡಾಕ್ಟರು ಎರಡನ್ನೂ ನಿಲ್ಲಿಸಿ, “ಪುಡಿ ಮುಂದುವರಿಸ್ರಿ ಅಂತ ಯಾರು ಹೇಳಿದ್ರು?” ಎಂದರು.

“ಯಾರೂ ಹೇಳಿಲ್ರಿ. ನಂದ ಹಟ,” ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ಚಿಕ್ಕಂದಿನಲ್ಲಿ ನಾನು ಏನಾದರೂ ಒಡೆದಾಗ ಅಪ್ಪನ ಮುಂದೆ ಇದೇ ದನಿಯಲ್ಲಿ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಅದಾದರೂ ನನಗೆ ನೆನಪಿದೆ ಅಂದುಕೊಂಡಿದ್ದೇನೆ.

ಮುಂದಿನ ಸೋಮವಾರ ಅವಳು ಬರೀ ಹಾಲು ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟೆ: “ಅಕ್ಕಾ, ಅವತ್ತ ಪುಡಿ ಬಗ್ಗೆ ನಾ ಖರೇ ಏನಂದಿದ್ದೆ?”

“ಲೆಕ್ಕ ಹೇಳಿದ್ದಿ. ಛಲೋ ಹೇಳಿದ್ದಿ. ಆ ತಂಬಿಗಿ ನೀರು ಇತ್ತ ಕೊಡು.”

ಕೊಟ್ಟೆ. ತಂಬಿಗೆ ಎತ್ತಿ ಗಟಗಟ ಕುಡಿದು ಖಾಲಿ ಮಾಡಿ, ಮತ್ತೆ ನನ್ನ ಕಡೆ ಚಾಚಿದಳು.