ಸಿರೋಯಾ ಕೇಳಿದ ಬುಬುಸಿ

ಅಬಾಯಾಂಗ್ ದ್ವೀಪದಲ್ಲಿ ಸಿರೋಯಾಳ ಜಂಭದ ಮಾತು ಕೇಳದವರಿಲ್ಲ. ಜಂಭಪಡಲು ಕಾರಣವೂ ಇತ್ತು ಅನ್ನಿ. ಸಮುದ್ರ ನುಗ್ಗಿ ಊರಿನ ಬಾವಿಗಳೆಲ್ಲ ಉಪ್ಪಾದ ವರ್ಷ ಹೆಂಗಸರ ಸಂಘ ಕಟ್ಟಿ, ಚಾಪೆ ಹೆಣೆದು ಮಾರಿ, ಬಿಸಿಲಿನಿಂದ ಓಡುವ ಸಿಹಿನೀರಿನ ಯಂತ್ರ ತರಿಸಿದವಳು ಅವಳೇ. ಕೆಟ್ಟರೆ ಬಿಚ್ಚುವವಳೂ ಅವಳೇ, ಬಿಚ್ಚಿದ್ದು ಕೂಡದಿದ್ದರೆ ಯಂತ್ರದ ವಂಶವನ್ನೆಲ್ಲ ಬೈಯುವವಳೂ ಅವಳೇ.

"ನಿಮ್ಮ ಮಕ್ಕಳ ಹೊಟ್ಟೆನೋವು ಬಿಡಿಸಿದ್ದು ಯಾರು? ನಾನು!" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಈಗೀಗ ದುಡ್ಡುಳ್ಳವರಿಗೆ ಸಿಹಿನೀರು, ಸೋಲಾರ್ ಎಂದರೆ ಎಲ್ಲಿಲ್ಲದ ಪ್ರೀತಿ. ಕೊಬ್ಬರಿಗಷ್ಟೇ ಬರುತ್ತಿದ್ದ ದೋಣಿಗಳಿಂದ ಹೂಡಿಕೆದಾರರು ಇಳಿಯುತ್ತಾರೆ. ಬ್ರಿಸ್ಬೇನಿನ ಡಂಕನ್ ಹಾಗೆ ಬಂದವನು. ಇಲ್ಲಿಯ ಯಂತ್ರವನ್ನು ದೊಡ್ಡದು ಮಾಡಿ, ಬೇರೆ ದ್ವೀಪಗಳಲ್ಲೂ ಅಂಥವನ್ನು ನಿಲ್ಲಿಸುವುದು ಅವನ ಲೆಕ್ಕಾಚಾರ. ಷರತ್ತು ಒಂದೇ: ನಲ್ಲಿಗೆ ಬೀಗ, ಬೀಗದ ಕೈ ಕಂಪನಿಯ ಬಳಿ, ದುಡ್ಡು ಕೊಟ್ಟವರಿಗಷ್ಟೇ ನೀರು. ಅದನ್ನು ಕೇಳಿದಾಗಿನಿಂದ ಸಿರೋಯಾಳಿಗೆ ಊಟ ರುಚಿಸಲಿಲ್ಲ. ಬಾಯಾರಿದವರು ಬೀಗದ ಮುಂದೆ ಕಾಯುವುದು ಅವಳಿಗೆ ಸುತರಾಂ ಬೇಡ. ಆದರೆ ಹಳೆಯ ಯಂತ್ರದ ನೀರು ಊರಿಗೆ ಸಾಲುತ್ತಿರಲಿಲ್ಲ.

ಮಾತುಕತೆಗೆ ಊರೆಲ್ಲ ಮನೇಬಾ ಚಾವಡಿಯಲ್ಲಿ ಸೇರಿತು. ಡಂಕನ್ ಎಳನೀರು ಕುಡಿದು, ತಲೆಯ ಮೇಲಿನ ಹೂದಂಡೆ ಸರಿಮಾಡಿಕೊಂಡು ಮಾತನಾಡಿದ. ಶಾಲೆಯ ಮೇಷ್ಟ್ರು ಅದನ್ನು ಊರ ಮಾತಿನಲ್ಲಿ ಹೇಳಿದರು: "ಸಿರೋಯಾನ ನಮಗೆ ಕೊಡಿ. ಒಂದು ವರ್ಷ ಬಂದು ಬೇರೆ ದ್ವೀಪದ ಹೆಂಗಸರಿಗೆ ಕೆಲಸ ಕಲಿಸಲಿ."

ಪಾಪ, ಅವನಿಗೇನು ಗೊತ್ತು! ಹೀಗೆ ಬಾಯಿಬಿಟ್ಟು ಕೇಳಿದರೆ ಅದು ಬುಬುಸಿ. ಇಲ್ಲವೆಂದವರಿಗೆ ಅವಮಾನ; ಕೇಳಿ ಪಡೆದವನು ತಾನೂ ಕೊಡಬೇಕು.

"ಬರ್ತೀನಿ," ಎಂದಳು ಸಿರೋಯಾ, ಹಿಂದೆಮುಂದೆ ನೋಡದೆ. "ಹಂದಿಗಳ್ನ ನನ್ನ ಗಂಡ ನೋಡ್ಕೋತಾನೆ, ಅವನಿಗೂ ಸ್ವಲ್ಪ ಬುದ್ಧಿ ಬರಲಿ." ಹೆಂಗಸರು ಕಿಸಕ್ಕೆಂದರು. "ಈಗ ನಂದೊಂದು ಬುಬುಸಿ ಕಣಪ್ಪಾ. ಆ ಬೀಗ ನಂಗೆ ಕೊಟ್ಬಿಡು. ಇಲ್ಲೀದೂ, ಬೇರೆ ದ್ವೀಪಗಳದ್ದೂ. ಯಂತ್ರದ ಖರ್ಚು ಸಂಘದಿಂದ ಈಸ್ಕೋ, ಬಾಯಾರಿದವರ ಹತ್ರ ಕೇಳ್ಬೇಡ."

ಡಂಕನ್ ಮುಖ ಕೆಂಪಾಯಿತು. "ಆಫೀಸಿನವರನ್ನ ಒಂದು ಮಾತು ಕೇಳ್ಬೇಕು..."

"ಅವಳು ಯಾರನ್ನ ಕೇಳಿದ್ಲಯ್ಯಾ?" ಎಂದ ಊರ ಹಿರಿಯ ಬೆನಿಯಾಮಿನಾ. "ಪಕ್ಕದಲ್ಲಿ ಕೂತ ಗಂಡನ್ನೇ ಕೇಳ್ಲಿಲ್ಲ."

ಚಾವಡಿಯೇ ಬಿದ್ದು ಬಿದ್ದು ನಕ್ಕಿತು. ಡಂಕನ್ ನಗಲಿಲ್ಲ. ಬುಬುಸಿ ಎಂದರೇನೆಂದು ಮೇಷ್ಟ್ರು ಅವನ ಕಿವಿಯಲ್ಲಿ ಹೇಳಿದರು. ಅದನ್ನು ಕೇಳಿ ಅವನು, "ಕೊಟ್ಟೆ," ಎಂದ. ಆಫೀಸಿನವರೊಡನೆ ಗುದ್ದಾಡಿ ಆ ಮಾತು ಉಳಿಸಿಕೊಂಡ ಕೂಡ, ಅದನ್ನು ಒಪ್ಪಲೇಬೇಕು.

ಪಕ್ಕದ ಮರಾಕೇ ದ್ವೀಪದಲ್ಲಿ ಮೊದಲ ಯಂತ್ರ ನಿಂತಿತು. ಕೊಡ ಹಿಡಿದು ಬಂದ ಹೆಂಗಸರು, "ಬೀಗದ ಕೈ ಯಾರ ಹತ್ರ ಇದೆ ಅಕ್ಕಾ?" ಎಂದು ಅಳುಕುತ್ತ ಕೇಳಿದರು.

"ಬೀಗಾನೇ ಇಲ್ಲ ಕಣ್ರೇ," ಎಂದು ಸಿರೋಯಾ ಎದೆಯುಬ್ಬಿಸಿ ನಲ್ಲಿ ತಿರುಗಿಸಿದಳು. "ನಾನೇ ಕೇಳಿ ಈಸ್ಕೊಂಡು ಸಮುದ್ರಕ್ಕೆಸೆದೆ."

ಸಮುದ್ರಕ್ಕೆಸೆದದ್ದು ಮಾತ್ರ ಸುಳ್ಳು; ಎಸೆಯಲು ಬೀಗ ಬಂದೇ ಇರಲಿಲ್ಲ.